ಮೈಲೇಜ್ ನೋಡ್ಬೇಕಾ, ಪಿಕಪ್ ನೋಡ್ಬೇಕಾ? ಘಾಟಿ ಹತ್ತೋರು ಕಾರು ಬುಕ್ ಮಾಡುವ ಮುನ್ನ ಹಾಕಬೇಕಾದ ಲೆಕ್ಕ

ತೀರ್ಥಹಳ್ಳಿ: ಹೊಸ ಕಾರು ಮನೆ ಅಂಗಳಕ್ಕೆ ಬಂದು ನಿಂತರೆ ಪಕ್ಕದ ಮನೆಯವರು, ನೆಂಟರು, ಅಂಗಡಿಗೆ ಬಂದ ಗಿರಾಕಿ ಎಲ್ಲರೂ ಕೇಳೋದು ಒಂದೇ ಮಾತು, ‘ಎಷ್ಟು ಕೊಡುತ್ತೆ?’. ಲೀಟರಿಗೆ 24 ಅಂದರೆ ತಲೆ ಆಡಿಸುತ್ತಾರೆ, 15 ಅಂದರೆ ಮುಖ ಸಣ್ಣ ಮಾಡುತ್ತಾರೆ. ‘ಐದು ಜನ ಕೂತರೆ ಘಾಟಿ ಹತ್ತುತ್ತಾ?’ ಅಂತ ಕೇಳೋರು ಕಡಿಮೆ. ಆ ಪ್ರಶ್ನೆ ನೆನಪಾಗೋದು ಆಗುಂಬೆ ಘಾಟಿಯ ತಿರುವಿನಲ್ಲಿ, ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುವಾಗ, ಎಸಿ ಆಫ್ ಮಾಡಿ ಫಸ್ಟ್ ಗೇರಿಗೆ ಹಾಕುವಾಗ.

ನಮ್ಮ ಕಡೆ ಇದು ಶೋಕಿಯ ಪ್ರಶ್ನೆ ಅಲ್ಲ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ. ತೀರ್ಥಹಳ್ಳಿಯಿಂದ 80–85 ಕಿ.ಮೀ. ದಾರಿ, ಮಧ್ಯೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು. ಆಪರೇಷನ್ ಆದವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮಳೆಯಲ್ಲಿ ಅದೇ ಘಾಟಿ ಹತ್ತಿ ಮನೆಗೆ ಬರಬೇಕು. ಹಾಗಂತ ವರ್ಷಕ್ಕೆ ನಾಲ್ಕು ಸಲದ ಘಾಟಿಗಾಗಿ ದಿನಾ ಪೆಟ್ರೋಲಿಗೆ ದುಡ್ಡು ಸುರಿಯೋದೂ ಅಂಗಡಿ ನಡೆಸೋರಿಗೆ ಆಗದ ಮಾತು. ಎರಡರ ಮಧ್ಯೆ ಎಲ್ಲಿ ನಿಲ್ಲಬೇಕು ಅನ್ನೋದಕ್ಕೆ ಲೆಕ್ಕ ಇಲ್ಲಿದೆ.

ಕಂಪನಿ ಹೇಳುವ ಮೈಲೇಜ್ ಎಲ್ಲಿಂದ ಬಂತು?

ಶೋರೂಮಿನ ಕಾಗದದಲ್ಲಿ ಇರುವ ಮೈಲೇಜ್ ರಸ್ತೆಯಲ್ಲಿ ಓಡಿಸಿ ಬಂದದ್ದಲ್ಲ. ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಸಂಸ್ಥೆಯ ಲ್ಯಾಬಿನಲ್ಲಿ, ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಸುಮಾರು 20 ನಿಮಿಷದ ಪರೀಕ್ಷೆ, ಹತ್ತೂವರೆ ಕಿ.ಮೀ.ಯಷ್ಟು ಓಟ, ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಆಸುಪಾಸು, ಗರಿಷ್ಠ 90. ಎಸಿ ಆಫ್. ಏರು ಇಲ್ಲ, ಇಳಿಜಾರು ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ದನ ಇಲ್ಲ.

ಈ ಅಂಕಿ ಸುಳ್ಳಲ್ಲ. ಎರಡು ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ಹೋಲಿಸಲಿಕ್ಕೆ ಇದು ಬೇಕು. ಆದರೆ ಮನೆಯ ಬಜೆಟ್ಟಿಗೆ ಇದನ್ನೇ ಹಿಡಿದರೆ ಕೆಟ್ಟಿರಿ. ಮಲೆನಾಡಿನ ರಸ್ತೆಗೆ ಅದರಲ್ಲಿ ನಾಲ್ಕನೇ ಒಂದು ಭಾಗ ಕಳೆದು ನೋಡೋದು ಕ್ಷೇಮ. 24 ಅಂತ ಬರೆದಿದ್ದರೆ 18 ಅಂತ ತಿಳಿಯಿರಿ. ಟರ್ಬೊ ಪೆಟ್ರೋಲ್ ಕಾರನ್ನು ಒತ್ತಿ ಓಡಿಸೋರಾದರೆ ಇನ್ನೂ ಸ್ವಲ್ಪ ಹೆಚ್ಚೇ ಕಳೆಯಿರಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಳೆಯ ಕಾರುಗಳಿಗೆ ಮೈಲೇಜ್ ಶೇ. 6–7ರಷ್ಟು, ಈ ಇಂಧನಕ್ಕೇ ಟ್ಯೂನ್ ಮಾಡಿದ ಕಾರುಗಳಿಗೆ ಶೇ. 1–2ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು.

ಪವರ್ ಬೇರೆ, ಎಳೆತ ಬೇರೆ

‘ಪಿಕಪ್’ ಅಂತ ನಾವು ಒಂದೇ ಪದದಲ್ಲಿ ಹೇಳೋದು ಎರಡು ವಿಷಯ. ಒಂದು ಪವರ್, ಪಿಎಸ್ ಅಥವಾ ಬಿಎಚ್‌ಪಿ ಅಂತ ಬರೆದಿರುತ್ತಾರೆ. ಇನ್ನೊಂದು ಟಾರ್ಕ್, ಅಂದರೆ ಎಳೆತ. ಇದನ್ನು ಎನ್‌ಎಂ ಲೆಕ್ಕದಲ್ಲಿ ಕೊಡುತ್ತಾರೆ. ಶಿವಮೊಗ್ಗ ರಸ್ತೆಯಲ್ಲಿ ಲಾರಿ ಹಿಂದಿಕ್ಕಲಿಕ್ಕೆ ಬೇಕಾಗೋದು ಪವರ್. ತಿರುವಿನಲ್ಲಿ ನಿಂತು ಮತ್ತೆ ಮೇಲಕ್ಕೆ ಹೊರಡಲಿಕ್ಕೆ ಬೇಕಾಗೋದು ಎಳೆತ. ಅದೂ ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಎಳೆತ.

ಎಷ್ಟು ಎನ್‌ಎಂ ಅಂತ ಮಾತ್ರ ನೋಡಬೇಡಿ, ‘ಎಷ್ಟು ಆರ್‌ಪಿಎಂನಲ್ಲಿ’ ಅಂತ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತೆ, ಅದನ್ನೂ ಓದಿ. ವ್ಯಾಗನ್ಆರ್‌ನ 1 ಲೀಟರ್ ಎಂಜಿನ್ 89 ಎನ್‌ಎಂ ಕೊಡೋದು 3,500 ಆರ್‌ಪಿಎಂನಲ್ಲಿ. ಟಾಟಾ ನೆಕ್ಸಾನ್ ಡೀಸೆಲ್ 260 ಎನ್‌ಎಂ ಕೊಡೋದು 1,500 ಆರ್‌ಪಿಎಂನಿಂದಲೇ. ಅದೇ ನೆಕ್ಸಾನ್ ಟರ್ಬೊ ಪೆಟ್ರೋಲ್ ಆದರೆ 170 ಎನ್‌ಎಂ, 1,750ರಿಂದ. ಪವರ್ ನೋಡಿದರೆ ಪೆಟ್ರೋಲ್ 120 ಪಿಎಸ್, ಡೀಸೆಲ್ 115 ಪಿಎಸ್, ಹೆಚ್ಚು ಕಮ್ಮಿ ಸಮ. ಆದರೆ ಏರಿನಲ್ಲಿ ಎರಡೂ ಒಂದೇ ಥರ ಹೋಗಲ್ಲ, ಕಾರಣ ಇದೇ.

ಘಾಟಿಯ ಲೆಕ್ಕ

ಆಗುಂಬೆ ಇರೋದು ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ಕೆಳಗಿನ ಸೋಮೇಶ್ವರದಿಂದ ಹತ್ತು ಕಿ.ಮೀ. ಒಳಗೆ ಕಾರು 500 ಮೀಟರಿಗೂ ಹೆಚ್ಚು ಎತ್ತರ ಏರಬೇಕು.

ವ್ಯಾಗನ್ಆರ್‌ನಂಥ ಸಣ್ಣ ಕಾರಿನ ತೂಕ 830 ಕೆ.ಜಿ. ಹತ್ತಿರ. ಐದು ಜನ, ಒಂದಿಷ್ಟು ಲಗೇಜ್ ಸೇರಿದರೆ 1,200 ಕೆ.ಜಿ. ಇಷ್ಟು ಭಾರವನ್ನು 500 ಮೀಟರ್ ಎತ್ತಲಿಕ್ಕೇ ಮುಕ್ಕಾಲು ಲೀಟರ್ ಹತ್ತಿರ ಪೆಟ್ರೋಲ್ ಬೇಕು. ಎಂಜಿನ್ ಸುಟ್ಟ ಪೆಟ್ರೋಲಿನಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ಮುಟ್ಟುತ್ತೆ, ಉಳಿದದ್ದು ಬಿಸಿಯಾಗಿ ಹೋಗುತ್ತೆ ಅನ್ನೋ ಅಂದಾಜಿನ ಮೇಲೆ ಈ ಲೆಕ್ಕ. ಟೈರಿನ ಉಜ್ಜಾಟ, ಎಸಿ ಇದರ ಮೇಲೆ ಬೇರೆ. ಡಿಸ್‌ಪ್ಲೇನಲ್ಲಿ ಘಾಟಿ ಹತ್ತುವಾಗ ಮೈಲೇಜ್ 8, 9 ಅಂತ ತೋರಿಸಿದರೆ ಕಾರು ಕೆಟ್ಟಿದೆ ಅಂತ ಹೆದರಬೇಡಿ. ಯಾವ ಕಾರಾದರೂ ಭಾರ ಎತ್ತಬೇಕು, ಎತ್ತಿದ್ದಕ್ಕೆ ಕೂಲಿ ಕೊಡಬೇಕು.

ಆದರೆ ಇದೇ ಲೆಕ್ಕದ ಇನ್ನೊಂದು ಮುಖ ನೋಡಿ. 20 ನಿಮಿಷದಲ್ಲಿ ನಿಧಾನ ಹತ್ತಿದರೆ ಬರೀ ಎತ್ತರಕ್ಕೆ ಬೇಕಾಗುವ ಸರಾಸರಿ ಪವರ್ 7 ಪಿಎಸ್ ಅಷ್ಟೆ. ಉಜ್ಜಾಟ ಸೇರಿಸಿದರೂ 10ರ ಹತ್ತಿರ. ಹಾಗಾದರೆ 67 ಪಿಎಸ್ ಕಾರು ಏದುಸಿರು ಬಿಡೋದು ಯಾಕೆ? ತಿರುವಿಗೆ. ಹೇರ್‌ಪಿನ್ನಿನಲ್ಲಿ ವೇಗ 15 ಕಿ.ಮೀ.ಗೆ ಬೀಳುತ್ತೆ. ಸೆಕೆಂಡ್ ಗೇರಿನಲ್ಲೇ ಇದ್ದರೆ ಆರ್‌ಪಿಎಂ 1,200ರ ಸುತ್ತ ಇಳಿದಿರುತ್ತೆ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಆ ಹಂತದಲ್ಲಿ ಜೀವ ಇರೋದಿಲ್ಲ, ಅದೇ ಹೊತ್ತಿಗೆ ರಸ್ತೆ ಎಲ್ಲಕ್ಕಿಂತ ಕಡಿದಾಗಿರುತ್ತೆ. ಆಗ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗರ್ ಅನ್ನುತ್ತೆ, ಮುಂದೆ ಹೋಗಲ್ಲ. ಕ್ಲಚ್ ಅರ್ಧ ಒತ್ತಿ ಹತ್ತಿಸುವ ಅಭ್ಯಾಸ ಶುರುವಾಗೋದು ಇಲ್ಲೇ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರೋದೂ ಇಲ್ಲೇ.

ತಿರುವಿಗೆ ಮೊದಲೇ ಫಸ್ಟಿಗೆ ಇಳಿಸಿದರೆ 67 ಪಿಎಸ್ ಕಾರೂ ಹತ್ತುತ್ತೆ. ಹತ್ತಲ್ಲ ಅನ್ನೋದು ಸುಳ್ಳು. ಆರಾಮಾಗಿ ಹತ್ತುತ್ತೆ ಅನ್ನೋದೂ ಸುಳ್ಳೇ.

ಒಂದೇ ಕಾರು, ಎರಡು ಎಂಜಿನ್

ಹೆಚ್ಚು ಮೈಲೇಜ್ ಬೇಕಿದ್ದರೆ ಸಣ್ಣ ಎಂಜಿನ್ನೇ ಸರಿ ಅನ್ನೋ ನಂಬಿಕೆ ಪರೀಕ್ಷೆ ಮಾಡಲಿಕ್ಕೆ ವ್ಯಾಗನ್ಆರ್‌ಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ಅದೇ ಬಾಡಿ, ಎರಡು ಎಂಜಿನ್. 1 ಲೀಟರಿನದು 67 ಪಿಎಸ್, 89 ಎನ್‌ಎಂ, ಮ್ಯಾನ್ಯುಯಲ್ ಗೇರಿನಲ್ಲಿ ಕಂಪನಿ ಲೆಕ್ಕದ ಮೈಲೇಜ್ 24.35. 1.2 ಲೀಟರಿನದು 90 ಪಿಎಸ್, 113 ಎನ್‌ಎಂ, ಮೈಲೇಜ್ 23.56. ಪವರ್ ಮೂರನೇ ಒಂದು ಭಾಗ ಹೆಚ್ಚು, ಎಳೆತ ಕಾಲು ಭಾಗ ಹೆಚ್ಚು, ಕಳೆದುಕೊಂಡದ್ದು ಲೀಟರಿಗೆ ಒಂದು ಕಿ.ಮೀ. ಕೂಡ ಅಲ್ಲ.

ದುಡ್ಡಿನಲ್ಲಿ ನೋಡೋಣ. ತಿಂಗಳಿಗೆ 1,000 ಕಿ.ಮೀ., ಲೀಟರಿಗೆ ಲೆಕ್ಕಕ್ಕೆ ಸುಲಭ ಆಗಲಿ ಅಂತ 100 ರೂಪಾಯಿ, ನಮ್ಮ ರಸ್ತೆಯಲ್ಲಿ ಒಂದು 18, ಇನ್ನೊಂದು 17 ಕೊಡುತ್ತೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 39 ಲೀಟರ್ ವ್ಯತ್ಯಾಸ, 3,900 ರೂಪಾಯಿ. ತಿಂಗಳಿಗೆ 325. ವಾರಕ್ಕೊಮ್ಮೆ ಮಗಳನ್ನು ಕರೆತರಲು ಉಡುಪಿಗೆ ಹೋಗಿ ಬರೋರಿಗೆ, ಐದು ಜನರ ಕುಟುಂಬಕ್ಕೆ ಈ 325 ರೂಪಾಯಿ ದಂಡ ಅಲ್ಲ. ಊರೊಳಗೆ ಒಬ್ಬರೇ ಓಡಾಡೋರು 1 ಲೀಟರಿನದ್ದು ತಗೊಂಡು ನೆಮ್ಮದಿಯಾಗಿ ಇರಬಹುದು.

ಕಂಪನಿಗಳೇ ಈ ತಕ್ಕಡಿಯನ್ನು ಹೇಗೆ ತೂಗುತ್ತವೆ ಅನ್ನೋದಕ್ಕೆ ಸ್ವಿಫ್ಟ್ ನೋಡಿ. ಹಿಂದಿನದರಲ್ಲಿ ನಾಲ್ಕು ಸಿಲಿಂಡರ್ ಎಂಜಿನ್, 90 ಪಿಎಸ್, 22.38 ಮೈಲೇಜ್. 2024ರ ಮೇ ತಿಂಗಳಲ್ಲಿ ಬಂದ ಹೊಸದರಲ್ಲಿ ಮೂರು ಸಿಲಿಂಡರ್, 82 ಪಿಎಸ್, ಮ್ಯಾನ್ಯುಯಲ್‌ಗೆ 24.80. ಟಾರ್ಕ್ ಮಾತ್ರ 113 ಇದ್ದದ್ದು 112, ಬಹುತೇಕ ಹಾಗೇ ಇದೆ. 8 ಪಿಎಸ್ ಕೊಟ್ಟು ಎರಡೂಕಾಲು ಕಿ.ಮೀ. ಮೇಲೆ ತಗೊಂಡರು. ನಮ್ಮ ಜನ ಯಾವುದನ್ನು ಮೊದಲು ಕೇಳುತ್ತಾರೆ ಅಂತ ಕಂಪನಿಯವರಿಗೆ ಗೊತ್ತಿದೆ.

ಕಿಲೋಮೀಟರ್ ಲೆಕ್ಕ ಮೋಸ ಮಾಡುತ್ತೆ

20 ಕೊಡುವ ಕಾರು ಬಿಟ್ಟು 25 ಕೊಡುವ ಕಾರು ತಗೊಂಡರೆ ಐದು ಕಿ.ಮೀ. ಲಾಭ. 12 ಬಿಟ್ಟು 15 ತಗೊಂಡರೆ ಮೂರೇ. ಯಾವುದರಲ್ಲಿ ದುಡ್ಡು ಹೆಚ್ಚು ಉಳೀತು? ಮೊದಲನೆಯದು ಅನ್ನೋರೇ ಜಾಸ್ತಿ. 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ತಿರುಗಿಸಿ ನೋಡಿ. 20ರ ಕಾರಿಗೆ 5 ಲೀಟರ್, 25ರದ್ದಕ್ಕೆ 4, ಉಳಿದದ್ದು ಒಂದು ಲೀಟರ್. 12ರದ್ದಕ್ಕೆ 8.3, 15ರದ್ದಕ್ಕೆ 6.7, ಉಳಿದದ್ದು 1.6 ಲೀಟರಿಗೂ ಹೆಚ್ಚು. ಅಂದರೆ ದೊಡ್ಡ ಕಾರು ನೋಡುವಾಗ ಒಂದೆರಡು ಕಿ.ಮೀ. ವ್ಯತ್ಯಾಸವೂ ಭಾರಿ, ಸಣ್ಣ ಕಾರುಗಳಲ್ಲಿ 24ಕ್ಕೂ 23ಕ್ಕೂ ಕಿತ್ತಾಡೋದು ದಂಡ.

ಸಣ್ಣ ಪೆಟ್ರೋಲ್ ಕಾರು 18 ಕೊಡುತ್ತೆ, ಟರ್ಬೊ ಪೆಟ್ರೋಲ್ 13 ಕೊಡುತ್ತೆ ಅಂದುಕೊಳ್ಳಿ. ತಿಂಗಳಿಗೆ 1,000 ಕಿ.ಮೀ. ಓಡಿಸೋರಿಗೆ ವರ್ಷಕ್ಕೆ 25,600 ರೂಪಾಯಿ ಹೆಚ್ಚು ಬೀಳುತ್ತೆ. ತಿಂಗಳಿಗೆ 400 ಕಿ.ಮೀ. ಮಾತ್ರ ಓಡಿಸುವ ಅಂಗಡಿಯವರಿಗೆ ಇದು 10,250ರ ಸುತ್ತ. ಇಷ್ಟಕ್ಕೆ ಎಳೆತ ದುಪ್ಪಟ್ಟಿನ ಹತ್ತಿರ ಸಿಗುತ್ತೆ. ಕೊಡಬಹುದಾ ಅನ್ನೋದು ಅವರವರ ಗಲ್ಲಾಪೆಟ್ಟಿಗೆಗೆ ಬಿಟ್ಟದ್ದು. ಒಂದು ಮಾತು: ಈ ಟರ್ಬೊ ಸಾಮಾನ್ಯವಾಗಿ ಮೇಲಿನ ಮಾಡೆಲ್ಲುಗಳಲ್ಲಿ ಬರುತ್ತೆ, ಹಾಗಾಗಿ ಬೆಲೆಯಲ್ಲೇ ಮೊದಲ ಏಟು.

ತೆರಿಗೆ ಗೆರೆ ದಾಟಬೇಡಿ

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಉದ್ದ ಇರುವ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಕಾರುಗಳಿಗೆ ಜಿಎಸ್‌ಟಿ ಶೇ. 18. ಅದನ್ನು ದಾಟಿದರೆ ಶೇ. 40. ಸಣ್ಣ ಕಾರುಗಳ ಎಂಜಿನ್ 1,197, 1,199 ಸಿಸಿ ಅಂತ ಅಂಚಿನಲ್ಲೇ ನಿಂತಿರೋದು ಕಾಕತಾಳೀಯ ಏನಲ್ಲ.

ರಾಜ್ಯದ ಲೈಫ್ ಟೈಮ್ ಟ್ಯಾಕ್ಸ್ ಸಿಸಿ ನೋಡಲ್ಲ, ಬೆಲೆ ನೋಡುತ್ತೆ. 5ರಿಂದ 10 ಲಕ್ಷದೊಳಗೆ ಶೇ. 14, 10 ಲಕ್ಷ ದಾಟಿದರೆ ಶೇ. 17, ಅದರ ಮೇಲೆ ಸೆಸ್. ಗೆರೆಯ ಈಚೆ ಇರುವ ಕಾರಿಗೆ 1.4 ಲಕ್ಷ ಆಗೋದು ಗೆರೆ ದಾಟಿದ ತಕ್ಷಣ 1.7 ಲಕ್ಷ. ದೊಡ್ಡ ಎಂಜಿನ್ನಿನ ಆಸೆಗೆ ಹತ್ತು ಲಕ್ಷದ ಗೆರೆಯನ್ನು ಸ್ವಲ್ಪವೇ ದಾಟೋರು ಆ 30 ಸಾವಿರವನ್ನೂ ಎಂಜಿನ್ನಿನ ಖರ್ಚಿಗೇ ಸೇರಿಸಿಕೊಳ್ಳಬೇಕು. ಬುಕ್ ಮಾಡುವ ಮೊದಲು ಆನ್‌ರೋಡ್ ಬೆಲೆಯನ್ನು ಬಿಡಿಸಿ ಬರೆಸಿಕೊಳ್ಳಿ.

ಡೀಸೆಲ್: ಘಾಟಿಗೆ ರಾಜ, ಪೇಟೆಗೆ ತಲೆನೋವು

ಎಳೆತವೂ ಬೇಕು ಮೈಲೇಜೂ ಬೇಕು ಅನ್ನೋರಿಗೆ ಡೀಸೆಲ್ ಉತ್ತರ. ಆದರೆ ಲೆಕ್ಕ ಕೂಡಬೇಕು. ಅದೇ ಮಾಡೆಲ್ಲಿನ ಟರ್ಬೊ ಪೆಟ್ರೋಲಿಗಿಂತ ಡೀಸೆಲ್‌ಗೆ ಒಂದೂವರೆ ಲಕ್ಷ ಹೆಚ್ಚು ಅಂತ ಇಟ್ಟುಕೊಳ್ಳಿ. ಪೆಟ್ರೋಲ್ 13 ಕೊಡುತ್ತೆ, ಲೀಟರಿಗೆ 100. ಡೀಸೆಲ್ 18 ಕೊಡುತ್ತೆ, ಲೀಟರಿಗೆ 90. ಕಿ.ಮೀ.ಗೆ ಉಳಿಯೋದು 2 ರೂಪಾಯಿ 70 ಪೈಸೆ ಹತ್ತಿರ. ಕೊಟ್ಟ ಒಂದೂವರೆ ಲಕ್ಷ ವಾಪಸ್ ಬರಲಿಕ್ಕೆ 56 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಓಡಿಸಿದರೆ ನಾಲ್ಕೂಮುಕ್ಕಾಲು ವರ್ಷ, 400 ಓಡಿಸಿದರೆ ಹನ್ನೊಂದು ವರ್ಷ ದಾಟುತ್ತೆ.

ಇನ್ನೊಂದು ತಾಪತ್ರಯ ಹೆಚ್ಚಿನವರಿಗೆ ಶೋರೂಮಿನಲ್ಲಿ ಯಾರೂ ಹೇಳಲ್ಲ. ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅನ್ನುತ್ತಾರೆ. ಅದು ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳಬೇಕು, ಅದಕ್ಕೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ಒಂದೇ ಸಮ ಓಡಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ಬ್ಯಾಂಕು, ಮತ್ತೆ ಮನೆ ಅಂತ ಎರಡು ಮೂರು ಕಿ.ಮೀ. ಓಡಿಸೋರಿಗೆ ಆ ಬಿಸಿ ಬರಲ್ಲ. ಫಿಲ್ಟರ್ ಕಟ್ಟುತ್ತೆ, ಲೈಟ್ ಹೊತ್ತುತ್ತೆ, ಕಾರಿನ ಪವರ್ ತಾನೇ ಇಳಿಯುತ್ತೆ. ಪೇಟೆಯೊಳಗೇ ಓಡಾಡುವ ಅಂಗಡಿಯವರು ‘ಎಳೆತ ಚೆನ್ನಾಗಿದೆ’ ಅಂತ ಡೀಸೆಲ್ ತಗೊಂಡು ಈ ಲೈಟಿನ ಹಿಂದೆ ಅಲೆಯೋದಕ್ಕಿಂತ 1.2 ಪೆಟ್ರೋಲ್ ತಗೊಳ್ಳೋದು ಒಳ್ಳೇದು. ವಾರಕ್ಕೊಮ್ಮೆ ಶಿವಮೊಗ್ಗಕ್ಕೋ ಉಡುಪಿಗೋ ಹೋಗೋರಿಗೆ ಈ ತೊಂದರೆ ಕಮ್ಮಿ.

ಸಿಎನ್‌ಜಿ ಬಗ್ಗೆ ಹೆಚ್ಚು ಬರೆಯೋದು ಬೇಡ. ವ್ಯಾಗನ್ಆರ್ ಸಿಎನ್‌ಜಿ ಕೆ.ಜಿ.ಗೆ 34 ಕೊಡುತ್ತೆ ಅಂತ ಕಂಪನಿ ಲೆಕ್ಕ, ಆದರೆ ಗ್ಯಾಸಿನಲ್ಲಿ ಓಡುವಾಗ ಪವರ್ 57 ಪಿಎಸ್‌ಗೆ, ಟಾರ್ಕ್ 82ಕ್ಕೆ ಇಳಿಯುತ್ತೆ, ಡಿಕ್ಕಿಯಲ್ಲಿ ಸಿಲಿಂಡರ್ ಕೂರುತ್ತೆ. ಘಾಟಿ ಹತ್ತುವಾಗ ಪೆಟ್ರೋಲಿಗೆ ಬದಲಾಯಿಸಿಕೊಳ್ಳಬಹುದು. ನಿಮ್ಮ ದಿನದ ಓಡಾಟದ ದಾರಿಯಲ್ಲೇ ಗ್ಯಾಸ್ ಬಂಕ್ ಇದ್ದರೆ ಮಾತ್ರ ಇದರ ಮಾತು. ಗ್ರ್ಯಾಂಡ್ ವಿಟಾರಾದಂಥ ಸ್ಟ್ರಾಂಗ್ ಹೈಬ್ರಿಡ್ 27.97 ಕೊಡುತ್ತೆ ಅಂತ ಕಾಗದದಲ್ಲಿದೆ, ಆದರೆ ಅದರ ಬೆಲೆಯ ಗುಂಪೇ ಬೇರೆ.

ಹಳೆ ಕಾರು ನೋಡೋರಿಗೆ

ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರು ಮಾರೋದು ನಿಲ್ಲಿಸಿತು. ಅದಕ್ಕೂ ಮುಂಚಿನ 1.3 ಲೀಟರ್ ಡೀಸೆಲ್ ಸ್ವಿಫ್ಟ್, ಡಿಜೈರ್‌ಗಳಿಗೆ ಮಲೆನಾಡಿನಲ್ಲಿ ಇವತ್ತಿಗೂ ಬೆಲೆ ಇದೆ. 75 ಪಿಎಸ್ ಅಷ್ಟೇ ಆದರೂ 190 ಎನ್‌ಎಂ ಎಳೆತ, ಜೊತೆಗೆ ಮೈಲೇಜ್. ಒಂದು ಐಬು ಇದೆ: ಟರ್ಬೊ ಎಚ್ಚರಾಗೋದು 2,000 ಆರ್‌ಪಿಎಂ ಹತ್ತಿರ, ಅದಕ್ಕಿಂತ ಕೆಳಗೆ ಬಿದ್ದರೆ ತಿರುವಿನಲ್ಲಿ ಇದೂ ತೂಕಡಿಸುತ್ತೆ. ಖಾಸಗಿ ಕಾರಿನ ಆರ್‌ಸಿ ಮೊದಲಿಗೆ 15 ವರ್ಷ, ಆಮೇಲೆ ಫಿಟ್ನೆಸ್ ಮಾಡಿಸಿ ನವೀಕರಿಸಬೇಕು. 2012ರ ಗಾಡಿಯನ್ನು ಮೈಲೇಜ್ ಆಸೆಗೆ ತಗೊಳ್ಳೋರು ಆ ಖರ್ಚನ್ನೂ, ಕ್ಲಚ್, ಟರ್ಬೊ, ಇಂಜೆಕ್ಟರ್ ಸ್ಥಿತಿಯನ್ನೂ ಒಬ್ಬ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ತೋರಿಸಿಯೇ ಅಡ್ವಾನ್ಸ್ ಕೊಡಬೇಕು.

ಇಳಿಯುವಾಗ ನ್ಯೂಟ್ರಲ್ ಮಾಡೋರು ಓದಲೇಬೇಕು

ಮೈಲೇಜ್ ಹುಚ್ಚಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ಇದು. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲಿಕ್ಕೆ ಅಂತ ನ್ಯೂಟ್ರಲ್ ಮಾಡೋದು, ಕೆಲವರು ಕೀಯನ್ನೇ ಆಫ್ ಮಾಡೋದು. ಕಾರ್ಬುರೇಟರ್ ಕಾಲದ ಈ ಅಭ್ಯಾಸದಿಂದ ಈಗಿನ ಕಾರಿನಲ್ಲಿ ಒಂದು ಹನಿಯೂ ಉಳಿಯಲ್ಲ. ಗೇರಿನಲ್ಲಿ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಇಂಜೆಕ್ಷನ್ ಎಂಜಿನ್ ಇಂಧನವನ್ನೇ ನಿಲ್ಲಿಸುತ್ತೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತೆ. ನ್ಯೂಟ್ರಲ್ ಮಾಡಿದರೆ ಐಡಲ್‌ನಲ್ಲಿ ಓಡಲಿಕ್ಕೆ ಪೆಟ್ರೋಲ್ ಕುಡಿಯುತ್ತೆ! ಉಳಿಸಲಿಕ್ಕೆ ಹೋಗಿ ಖರ್ಚು.

ಕೀ ಆಫ್ ಮಾಡಿದರಂತೂ ಬ್ರೇಕಿಗೆ ಎಂಜಿನ್ ಕೊಡುವ ಸಹಾಯ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತೆ, ಆಮೇಲೆ ಪೆಡಲ್ ಕಲ್ಲಾಗುತ್ತೆ. ಸ್ಟೇರಿಂಗ್ ಬಿಗಿಯಾಗುತ್ತೆ, ಲಾಕ್ ಕೂಡ ಆಗಬಹುದು. ಬರೀ ಬ್ರೇಕಿನ ಮೇಲೆ 14 ತಿರುವು ಇಳಿದರೆ ಬ್ರೇಕ್ ಕಾದು, ಹಳೆಯ ಬ್ರೇಕ್ ಆಯಿಲ್ ಕುದಿದು, ಹಿಡಿಯೋದೇ ನಿಲ್ಲಬಹುದು. ಹತ್ತುವ ಗೇರಿನಲ್ಲೇ ಇಳಿಯಿರಿ, ಸೆಕೆಂಡ್ ಅಥವಾ ಫಸ್ಟ್. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಎದುರಿನಿಂದ ಹತ್ತಿ ಬರುವ ಗಾಡಿಗೆ ದಾರಿ ಬಿಡಿ, ನಿಯಮವೂ ಅದೇ, ಸಣ್ಣ ಎಂಜಿನ್ನಿನವರ ಕಷ್ಟವೂ ಅದೇ.

ಗೇರ್ ತಾನೇ ಬೀಳುವ ಎಎಂಟಿ ಕಾರುಗಳು ಮೈಲೇಜಿನಲ್ಲಿ ಮ್ಯಾನ್ಯುಯಲ್‌ಗೆ ಸಮ, ಕೆಲವೊಮ್ಮೆ ಹೆಚ್ಚು. ಆದರೆ ತಿರುವಿನ ಮಧ್ಯೆ ಬೇಡದ ಗೇರಿಗೆ ಹೋಗಿ ತಬ್ಬಿಬ್ಬು ಮಾಡುತ್ತವೆ. ಘಾಟಿಯಲ್ಲಿ ‘ಎಂ’ಗೆ ಹಾಕಿ ಕೈಯಿಂದಲೇ ಗೇರ್ ಬದಲಿಸಿ. ಏರಿನಲ್ಲಿ ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇದೆಯಾ ಅಂತ ಶೋರೂಮಿನಲ್ಲಿ ಕೇಳಿ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ

ಶೋರೂಮಿನವರು ಸಾಮಾನ್ಯವಾಗಿ ಸಮತಟ್ಟು ರಸ್ತೆಯಲ್ಲಿ ಎರಡು ಕಿ.ಮೀ. ಓಡಿಸಿ ವಾಪಸ್ ಕರೆತರುತ್ತಾರೆ. ಅದರಲ್ಲಿ ಏನೂ ಗೊತ್ತಾಗಲ್ಲ. ಮನೆಯವರೆಲ್ಲ ಹೋಗಿ, ಐದು ಸೀಟೂ ತುಂಬಿಸಿ, ಎಸಿ ಹಾಕಿ, ಹತ್ತಿರದ ಒಂದು ಕಡಿದಾದ ಏರಿಗೆ ಕರೆದೊಯ್ಯಲು ಕೇಳಿ. ಏರಿನ ಮಧ್ಯೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿಸಿ. ಸೆಕೆಂಡ್ ಗೇರಿನಲ್ಲಿ 15 ಕಿ.ಮೀ. ವೇಗಕ್ಕೆ ಇಳಿಸಿ ಆಕ್ಸಿಲರೇಟರ್ ಒತ್ತಿ ನೋಡಿ, ಎಳೆಯುತ್ತಾ ನಡುಗುತ್ತಾ? ಒಲ್ಲೆ ಅನ್ನುವ ಶೋರೂಮಿನಲ್ಲಿ ಆತುರ ಮಾಡಬೇಡಿ.

ಮೈಲೇಜ್ ವಿಷಯಕ್ಕೆ ಅದೇ ಕಾರು ಇಟ್ಟುಕೊಂಡ ನಿಮ್ಮೂರಿನವರನ್ನೇ ಕೇಳಿ. ಡಿಸ್‌ಪ್ಲೇ ತೋರಿಸಿದ್ದು ಬೇಡ, ಟ್ಯಾಂಕ್ ಲೆಕ್ಕ ಕೇಳಿ. ಒಂದೇ ಬಂಕಿನಲ್ಲಿ ಪಂಪ್ ತಾನೇ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 300 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಅಷ್ಟೇ ತುಂಬಿಸಬೇಕು. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಬಂದದ್ದು ನಿಜವಾದ ಮೈಲೇಜ್. ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಮಾಡಿದ್ದರೆ ಇನ್ನೂ ಒಳ್ಳೇದು.